ಅಗಸ್ತ್ಯನ ಮಗ್ಗುಲಲ್ಲಿ ಒಂದು ಎಳೆಯ ನಕ್ಷತ್ರ



ಕಳೆದ ಚಳಿಗಾಲದಲ್ಲಿ ಮದುವೆಯೊಂದಕ್ಕೆ ಊರಿಗೆ ಹೋಗಿದ್ದೆವು. ನಮ್ಮೂರು ಕುಂದಾಪುರದ ಕಡೆ. ಚಪ್ಪರದಲ್ಲಿ ಎದುರಾದ ಬಂಧುಗಳೆಲ್ಲ ನನ್ನ ಮಗನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಎಂತ ಮಾಣಿ, ಸೆಟ್ಲ್ ಆದ್ಯಾ?" ಅವನಿಗೆ 24 ವರ್ಷ. ಒಂದು ಕೆಲಸ ಬಿಟ್ಟಿದ್ದ, ಇನ್ನೊಂದು ಸಿಕ್ಕಿರಲಿಲ್ಲ. ರಾತ್ರಿ ಊಟವಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಅಂಗಳದಲ್ಲಿ ಕುಳಿತಿದ್ದ. ನನಗೂ ಸಮಾಧಾನದ ಮಾತು ತೋಚಲಿಲ್ಲ.

ದಕ್ಷಿಣದಲ್ಲಿ ತೆಂಗಿನ ತೋಟದ ಮೇಲೆ ಅಗಸ್ತ್ಯ ನಕ್ಷತ್ರ ಬೆಳಗುತ್ತಿತ್ತು. "ನೋಡು, ನಾನು ಚಿಕ್ಕವಳಿದ್ದಾಗ ನಿನ್ನ ಅಜ್ಜಯ್ಯ ಇದೇ ಅಂಗಳದಲ್ಲಿ ಅದನ್ನು ತೋರಿಸಿದ್ದರು" ಎಂದೆ. ಅವನು ಮೊಬೈಲನ್ನು ಆಕಾಶಕ್ಕೆ ಹಿಡಿದು ಏನೋ ಹುಡುಕಿದ. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ, ನಿನ್ನ ಅಗಸ್ತ್ಯ ಇರಲಿ. ಅದರ ಬಲಗಡೆಯ ಆ ಮಂಕು ನಕ್ಷತ್ರ ನೋಡು. ಅಲ್ಲಿ ಗ್ರಹಗಳ ಸಂಸಾರ ಈಗಷ್ಟೇ ಶುರುವಾಗಿದೆಯಂತೆ!" ಎಂದ.

ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ಮಂಕು ನಕ್ಷತ್ರ ಮನಸ್ಸಿನಿಂದ ಹೋಗಲಿಲ್ಲ. ಮುಂಬಯಿಗೆ ಮರಳಿದ ಮೇಲೆ ಓದಿ, ಮಗನನ್ನು ಕಾಡಿ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೂರೂವರೆ ತಿಂಗಳ ಶಿಶು

ಅದರ ಹೆಸರು ಬೀಟಾ ಪಿಕ್ಟೋರಿಸ್. ನಮ್ಮಿಂದ ಸುಮಾರು 63 ಜ್ಯೋತಿರ್ವರ್ಷ ದೂರ. ಎಂದರೆ ಇಂದು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟು 63 ವರ್ಷಗಳಾದವು. ನನ್ನ ಅಪ್ಪಯ್ಯ ಹದಿನೈದರ ಹುಡುಗನಾಗಿ ಊರು ಬಿಟ್ಟು, ಕೋಟೆ ಪರಿಸರದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ.

ನಕ್ಷತ್ರದ ವಯಸ್ಸು ಸುಮಾರು 2 ಕೋಟಿ 30 ಲಕ್ಷ ವರ್ಷ. ಇದೇನು ಎಳೆಯ ವಯಸ್ಸೇ ಎಂದು ನಗಬೇಡಿ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಸೂರ್ಯನನ್ನು ಷಷ್ಟ್ಯಬ್ದಿ ಮಾಡಿಸಿಕೊಂಡ 60ರ ಹಿರಿಯ ಎಂದುಕೊಂಡರೆ, ಇದು ಇನ್ನೂ ಅನ್ನಪ್ರಾಶನವಾಗದ, ಮೂರೂವರೆ ತಿಂಗಳ ಕೂಸು.

ಮಂಚದ ಕೆಳಗಿನ ಧೂಳು

1983ರಲ್ಲಿ ಐರಾಸ್ ಎಂಬ ಉಪಗ್ರಹ ಆಕಾಶದಿಂದ ಬರುವ ಇನ್‌ಫ್ರಾರೆಡ್ ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖವನ್ನು ಅಳೆಯಿತು. ಗ್ಯಾಸ್ ಆರಿಸಿದ ಮೇಲೂ ಕಾವಲಿಯ ಬಿಸಿ ಕೈಗೆ ತಟ್ಟುತ್ತದಲ್ಲ, ಅಂಥ ಶಾಖ. ಬೀಟಾ ಪಿಕ್ಟೋರಿಸ್‌ನಿಂದ ಅದು ಲೆಕ್ಕಕ್ಕಿಂತ ಬಹಳ ಹೆಚ್ಚಾಗಿ ಬರುತ್ತಿತ್ತು. ನಕ್ಷತ್ರದ ಸುತ್ತ ಬಿಸಿಯಾದ ಧೂಳು ಇರಬೇಕು ಎಂಬ ಗುಮಾನಿ ಹುಟ್ಟಿತು. ಮರುವರ್ಷ, 1984ರಲ್ಲಿ, ಬ್ರಾಡ್‌ಫೋರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರಿಲ್ ಎಂಬ ಖಗೋಳಜ್ಞರು ಚಿಲಿ ದೇಶದ ದೂರದರ್ಶಕದಲ್ಲಿ ಅದರ ಚಿತ್ರ ತೆಗೆದರು. ಎದುರಿನ ಕಾರಿನ ಹೆಡ್‌ಲೈಟಿಗೆ ಅಂಗೈ ಅಡ್ಡ ಹಿಡಿದು ರಸ್ತೆ ನೋಡುತ್ತೇವಲ್ಲ, ಹಾಗೆ ನಕ್ಷತ್ರದ ಪ್ರಖರ ಬೆಳಕನ್ನು ಮರೆಮಾಡಿದಾಗ ಎರಡೂ ಕಡೆ ಚಾಚಿದ ಧೂಳಿನ ತಟ್ಟೆ ಕಂಡಿತು. ಬೇರೊಂದು ನಕ್ಷತ್ರದ ಸುತ್ತ ಇಂಥ ತಟ್ಟೆಯನ್ನು ಚಿತ್ರದಲ್ಲಿ ಕಂಡದ್ದು ಅದೇ ಮೊದಲು.

ಆ ತಟ್ಟೆಯಿಂದ ಗ್ರಹ ಹೇಗಾಗುತ್ತದೆ? ಎರಡು ದಿನ ಗುಡಿಸದಿದ್ದರೆ ಮಂಚದ ಕೆಳಗೆ ಧೂಳು ಸೇರಿ ಉಂಡೆಯಾಗುವುದನ್ನು ನೀವು ನೋಡಿರಬಹುದು. ನೋಡದಿದ್ದರೆ ನಿಮ್ಮ ಅಮ್ಮನನ್ನು ಕೇಳಿ! ಅನಿಲ ಮತ್ತು ಧೂಳಿನ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿದಾಗ ನಡುವೆ ನಕ್ಷತ್ರ ಹುಟ್ಟುತ್ತದೆ. ಉಳಿದದ್ದು ಸುತ್ತ ತಿರುಗುತ್ತ ತಟ್ಟೆಯಾಗುತ್ತದೆ. ಅದರಲ್ಲಿ ಕಣಕ್ಕೆ ಕಣ ಅಂಟಿ ಹರಳು, ಹರಳು ಕೂಡಿ ಬಂಡೆ, ಬಂಡೆ ಕೂಡಿ ಗ್ರಹದ ತಿರುಳು. ಗುರುವಿನಂಥ ದೈತ್ಯ ಗ್ರಹಗಳು ಅವಸರ ಮಾಡಬೇಕು, ಏಕೆಂದರೆ ತಟ್ಟೆಯ ಅನಿಲ ಸುಮಾರು ಒಂದು ಕೋಟಿ ವರ್ಷದೊಳಗೆ ಖಾಲಿಯಾಗುತ್ತದೆ. ಭೂಮಿಯಂಥ ಕಲ್ಲಿನ ಗ್ರಹಗಳಿಗೆ ಅವಸರವಿಲ್ಲ. ಅವು ಕೋಟಿಗಟ್ಟಲೆ ವರ್ಷ ಒಂದಕ್ಕೊಂದು ಬಡಿದು, ಒಡೆದು, ಮತ್ತೆ ಕೂಡಿ ಬೆಳೆಯುತ್ತವೆ. ನಮ್ಮ ಚಂದ್ರ ಹುಟ್ಟಿದ್ದು ಅಂಥದೇ ಒಂದು ಭೀಕರ ಡಿಕ್ಕಿಯಿಂದ ಎಂದು ವಿಜ್ಞಾನಿಗಳು ನಂಬುತ್ತಾರೆ.

ಬೀಟಾ ಪಿಕ್ಟೋರಿಸ್ ಈಗ ಇರುವುದು ಆ ಗದ್ದಲದ ಘಟ್ಟದಲ್ಲಿ. ಮೂಲದ ಧೂಳು ಎಂದೋ ತೀರಿದೆ. ಈಗ ಕಾಣುವುದು ಬಂಡೆಗಳು ಗುದ್ದಾಡಿ ಎಬ್ಬಿಸಿದ ಹೊಸ ಧೂಳು. ಧೂಮಕೇತುಗಳೂ ಅಲ್ಲಿ ಹೇರಳ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ 30 ಧೂಮಕೇತುಗಳ ಗಾತ್ರವನ್ನು ಅಂದಾಜು ಮಾಡಿತು. ಚಿಕ್ಕವು 3 ಕಿ.ಮೀ., ದೊಡ್ಡವು 14 ಕಿ.ಮೀ., ಅಂದರೆ ಹೆಚ್ಚುಕಡಿಮೆ ಚರ್ಚ್‌ಗೇಟಿನಿಂದ ಬಾಂದ್ರಾದಷ್ಟು!

ಕಂಡು ಮರೆಯಾದ ಗ್ರಹ

ಧೂಳಿನ ತಟ್ಟೆಯ ಒಳಭಾಗ ತುಸು ಸೊಟ್ಟಗಿತ್ತು. ಒಳಗಿರುವ ಯಾವುದೋ ಗ್ರಹ ಅದನ್ನು ಎಳೆಯುತ್ತಿರಬೇಕು ಎಂದು ಹಲವರು ಮೊದಲೇ ಊಹಿಸಿದ್ದರು. ಫ್ರಾನ್ಸಿನ ಆನ್-ಮರಿ ಲಗ್ರಾಂಜ್ ಎಂಬ ವಿಜ್ಞಾನಿಯ ತಂಡ 2003ರಲ್ಲಿ ತೆಗೆದ ಚಿತ್ರಗಳನ್ನು ಮತ್ತೆ ಪರಿಶೀಲಿಸಿ, ಅಲ್ಲೊಂದು ಮಸುಕು ಚುಕ್ಕೆ ಇದೆ ಎಂದು 2008ರಲ್ಲಿ ಪ್ರಕಟಿಸಿತು. ಆದರೆ 2009ರ ಆರಂಭದಲ್ಲಿ ಮತ್ತೆ ನೋಡಿದರೆ ಚುಕ್ಕೆ ಇಲ್ಲ! ಅದೇ ವರ್ಷದ ಕೊನೆಗೆ ಅದು ನಕ್ಷತ್ರದ ಇನ್ನೊಂದು ಬದಿಯಲ್ಲಿ ಪ್ರತ್ಯಕ್ಷವಾಯಿತು. ಅದು ಗ್ರಹವೇ, ನಕ್ಷತ್ರವನ್ನು ಸುತ್ತುತ್ತಿದೆ ಎಂಬುದು 2010ರಲ್ಲಿ ಖಚಿತವಾಯಿತು. ಎರಡನೆಯ ಗ್ರಹದ ಸುಳಿವು ಸಿಕ್ಕಿದ್ದು 2019ರಲ್ಲಿ, ಅದನ್ನು ನೇರವಾಗಿ ಕಂಡದ್ದು 2020ರಲ್ಲಿ.

ಎರಡೂ ಗುರುಗ್ರಹಕ್ಕಿಂತ ಹಲವು ಪಟ್ಟು ಭಾರ. ಹುಟ್ಟಿದ ಬಿಸಿ ಇನ್ನೂ ಆರಿಲ್ಲ: ಮೊದಲ ಗ್ರಹದ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಅಲ್ಲಿ ಒಂದು ದಿನವೆಂದರೆ ನಮ್ಮ ಎಂಟೇ ಗಂಟೆ.

ಇದಕ್ಕೂ ಎಳೆಯ ಕೂಸುಗಳಿವೆ. ವೃಷಭ ರಾಶಿಯ ಎಚ್ಎಲ್ ಟೌರಿಯ ಧೂಳಿನ ತಟ್ಟೆಯಲ್ಲಿ ಉಂಗುರಗಳೂ ನಡುನಡುವೆ ಖಾಲಿ ಜಾಗಗಳೂ ಇರುವುದನ್ನು 2014ರ ಚಿತ್ರ ತೋರಿಸಿತು. ಪಿಡಿಎಸ್ 70 ಎಂಬ ನಕ್ಷತ್ರದ ಎರಡು ಗ್ರಹಗಳು 2018 ಮತ್ತು 2019ರಲ್ಲಿ, ಇನ್ನೂ ಅನಿಲವನ್ನು ಕುಡಿದು ಬೆಳೆಯುತ್ತಿರುವಾಗಲೇ ಪತ್ತೆಯಾದವು. ಆದರೆ ಇವನ್ನು ಬರಿಗಣ್ಣಿನಿಂದ ನೋಡಲಾಗದು. ಬೀಟಾ ಪಿಕ್ಟೋರಿಸ್ ನಕ್ಷತ್ರವನ್ನು ಮಾತ್ರ ನಮ್ಮ ಮನೆಯಂಗಳದಿಂದಲೇ ನೋಡಬಹುದು.

ನಮ್ಮ ಮುಂಬಯಿಯ ಪಾಲು

ಇದೆಲ್ಲ ವಿದೇಶದವರ ಕೆಲಸ ಎಂದುಕೊಳ್ಳಬೇಡಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ಬಲೂನಿಗೆ ಕಟ್ಟಿ ಹೈದರಾಬಾದಿನಿಂದ ಮೇಲಕ್ಕೆ ಹಾರಿಸಿ, ನಕ್ಷತ್ರಗಳು ಹುಟ್ಟುವ ಮೋಡಗಳನ್ನು ಅಭ್ಯಸಿಸಿದ್ದಾರೆ. ನಕ್ಷತ್ರಗಳ ಶಾಖವನ್ನು ನಮ್ಮ ಗಾಳಿಯಲ್ಲಿನ ನೀರಾವಿ ಹೀರಿಬಿಡುವುದರಿಂದ ಅಷ್ಟು ಎತ್ತರಕ್ಕೆ ಹೋಗಬೇಕಾಗುತ್ತದೆ. ಅವರು ಕಟ್ಟಿದ ಇನ್ನೊಂದು ಉಪಕರಣ 2013ರಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ದೂರದರ್ಶಕಕ್ಕೆ ಸೇರಿತು. ಸುಮಾರು 4500 ಮೀಟರ್ ಎತ್ತರದ ಆ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು! ಜೇಮ್ಸ್ ವೆಬ್ ದೂರದರ್ಶಕದ ಮೂಲಕ ಹುಟ್ಟುತ್ತಿರುವ ನಕ್ಷತ್ರಗಳನ್ನು ನೋಡುವ ತಂಡಗಳಲ್ಲೂ ಕೊಲಾಬಾದವರಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಭೌತಶಾಸ್ತ್ರ ಓದುವ ಆಸೆ ಇದ್ದು, ಮನೆಯವರು ಡಾಕ್ಟರೋ ಸಿ.ಎ.ಯೋ ಆಗು ಎನ್ನುತ್ತಿದ್ದರೆ ಈ ಮಾತನ್ನು ಅವರಿಗೆ ಓದಿ ಹೇಳಿ.

ಹೇಗೆ ನೋಡುವುದು?

ಜನವರಿ ಕೊನೆಯ ವಾರದಲ್ಲಿ ರಾತ್ರಿ 9ರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಮೇಲೆ ಥಳಥಳಿಸುವುದು ಲುಬ್ಧಕ. ಅದರ ಕೆಳಗೆ ದಿಗಂತದ ಕಡೆಗೆ ಕಾಣುವ ಪ್ರಕಾಶಮಾನ ನಕ್ಷತ್ರವೇ ಅಗಸ್ತ್ಯ. ಕೈ ನೀಳವಾಗಿ ಚಾಚಿ, ಅಗಸ್ತ್ಯದಿಂದ ಬಲಕ್ಕೆ ಮೂರ್ನಾಲ್ಕು ಬೆರಳು ಅಳೆಯಿರಿ. ಅಲ್ಲಿ ತುಸು ಮೇಲೆ ಮಿನುಗುವುದೇ ಬೀಟಾ ಪಿಕ್ಟೋರಿಸ್. ನಮ್ಮ ಭಾಂಡೂಪಿನ ಟೆರೇಸಿನಿಂದ ನನಗೆ ಅಗಸ್ತ್ಯ ಕಂಡಿತು, ಇದು ಕಾಣಲಿಲ್ಲ. ನಗರದ ದೀಪಗಳು ಅದನ್ನು ನುಂಗಿಬಿಡುತ್ತವೆ. ಊರಿನಲ್ಲಿ ಅದು ಇನ್ನೂ ಸ್ವಲ್ಪ ಮೇಲಿರುತ್ತದೆ, ಕತ್ತಲೂ ಇದೆ. ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಮೊಬೈಲಿನ ಜತೆಗೆ ಅಜ್ಜ-ಅಜ್ಜಿಯರನ್ನೂ ಅಂಗಳಕ್ಕೆ ಕರೆಯಿರಿ. ಅಗಸ್ತ್ಯನನ್ನು ಅವರು ತೋರಿಸಲಿ, ಪಕ್ಕದ ಕೂಸನ್ನು ನೀವು ತೋರಿಸಿ.

ವಿಂಧ್ಯವನ್ನು ದಾಟಿ ದಕ್ಷಿಣಕ್ಕೆ ಹೋದ ಅಗಸ್ತ್ಯ ಮುನಿ ಹಿಂತಿರುಗಲಿಲ್ಲವೆಂದು ಕತೆ. ನನ್ನ ಅಪ್ಪಯ್ಯ ಉತ್ತರಕ್ಕೆ ಬಂದವರು, ಅವರೂ ಹಿಂತಿರುಗಲಿಲ್ಲ. ಹೋಟೆಲು, ರಾತ್ರಿಶಾಲೆ, ಗುಮಾಸ್ತಿಕೆ ಎಂದು ಅವರು ಒಂದು ನೆಲೆ ಕಾಣುವಷ್ಟರಲ್ಲಿ ನಲವತ್ತು ದಾಟಿತ್ತು. ಆ ರಾತ್ರಿ ಅಂಗಳದಲ್ಲಿ ಮಗನಿಗೆ ಇದನ್ನೇ ಹೇಳಿದೆ. ಅವನು, "ಹಾಗಾದರೆ ಅಜ್ಜಯ್ಯನೂ ಸೆಟ್ಲ್ ಆಗಿರಲಿಲ್ಲ" ಎಂದು ನಕ್ಕ.

ಅವನಿಗೆ ಕೆಲಸ ಸಿಕ್ಕಿತೇ ಎಂದು ಕೇಳುವಿರಾ? ಇನ್ನೂ ಇಲ್ಲ. ಎರಡು ಕಡೆ ಇಂಟರ್‌ವ್ಯೂ ಕೊಟ್ಟಿದ್ದಾನೆ. ಆದರೆ ಬರುವ ಜನವರಿಯಲ್ಲಿ ಊರಿಗೆ ಹೋಗಲು ಟಿಕೆಟ್ ಅವನೇ ಕಾದಿರಿಸಿದ್ದಾನೆ, ಒಂದು ಹಳೆಯ ಬೈನಾಕ್ಯುಲರನ್ನೂ ಎಲ್ಲಿಂದಲೋ ಸಂಪಾದಿಸಿ ತಂದಿದ್ದಾನೆ.