ಒಂದು ಬಟನ್, ನಾಲ್ಕು ಬಗೆಯ ಬೆಳಕು
(ಐಟಿಐ, ಡಿಪ್ಲೊಮಾ ಮತ್ತು ವಿಜ್ಞಾನ ವಿದ್ಯಾರ್ಥಿಗಳಿಗಾಗಿ)



ಪ್ರಾಜೆಕ್ಟ್‌ಗೆಂದು ನಿಮ್ಮಲ್ಲಿ ಅನೇಕರು ಮೊದಲು ಕೈಗೆತ್ತಿಕೊಳ್ಳುವುದು ಎಲ್‌ಇಡಿ ದೀಪವನ್ನು. ಅದನ್ನು ಉರಿಸುವುದು ಸುಲಭ. ಒಂದೇ ಬಟನ್ ಒತ್ತುತ್ತಾ ಪೂರ್ಣ ಬೆಳಕು, ಮಂದ ಬೆಳಕು, ಮಿನುಗು, ಬಂದ್ ಎಂದು ಬದಲಾಯಿಸುವಲ್ಲಿ ಹಲವರು ಎಡವುತ್ತಾರೆ. ಇನ್ನೊಬ್ಬರ ಪ್ರೋಗ್ರಾಂ ನಕಲು ಮಾಡಿದರೂ ದೀಪ ಉರಿಯುತ್ತದೆ. ಆದರೆ ವೈವಾದಲ್ಲಿ ಪರೀಕ್ಷಕರು "ಈ ಸಾಲು ಏಕೆ ಬೇಕು?" ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಆದ್ದರಿಂದ ಪ್ರತಿ ಹಂತದ ಕಾರಣವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಆರ್ಡುಯಿನೊ ಊನೊ ಬೋರ್ಡನ್ನು ತೆಗೆದುಕೊಂಡಿದ್ದೇವೆ. ಅದರಲ್ಲಿರುವುದು 16 ಮೆಗಾಹರ್ಟ್ಸ್ ವೇಗದ ಎಟಿಮೆಗಾ 328ಪಿ ಮೈಕ್ರೊಕಂಟ್ರೋಲರ್.

1. ಜೋಡಣೆ: ಕೆಂಪು ಎಲ್‌ಇಡಿಯ ಉದ್ದ ಕಾಲನ್ನು 220 ಓಮ್ ರೆಸಿಸ್ಟರ್ ಮೂಲಕ 9ನೇ ಪಿನ್‌ಗೆ, ಗಿಡ್ಡ ಕಾಲನ್ನು ಗ್ರೌಂಡ್‌ಗೆ ಜೋಡಿಸಿ. 5 ವೋಲ್ಟ್‌ನಲ್ಲಿ ಸುಮಾರು 2 ವೋಲ್ಟ್ ಎಲ್‌ಇಡಿಗೆ ಹೋಗುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್ ಕರೆಂಟ್ ಬರುತ್ತದೆ. ಪಿನ್‌ಗೆ ಇದು ಸುರಕ್ಷಿತ. ಬಟನ್‌ನ ಒಂದು ತುದಿ 2ನೇ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ ಇರಲಿ. ನಾಲ್ಕು ಕಾಲಿನ ಬಟನ್ ಆದರೆ ಎದುರುಬದುರು ಮೂಲೆಯ ಕಾಲುಗಳನ್ನು ಬಳಸಿ, ತಪ್ಪಾಗುವುದಿಲ್ಲ.

2. ಪುಲ್‌ಅಪ್: ಬಟನ್ ಒತ್ತದಿದ್ದಾಗ 2ನೇ ಪಿನ್ ಯಾವುದಕ್ಕೂ ತಾಗದೆ ತೇಲುತ್ತದೆ, ಓದುವ ಬೆಲೆ ಮನಬಂದಂತೆ ಬದಲಾಗುತ್ತದೆ. ಚಿಪ್‌ನ ಒಳಗಿರುವ ಪುಲ್‌ಅಪ್ ರೆಸಿಸ್ಟರನ್ನು ಆನ್ ಮಾಡಿದರೆ ಬೆಲೆ 1ರಲ್ಲಿ ನಿಲ್ಲುತ್ತದೆ. ಒತ್ತಿದಾಗ ಪಿನ್ ಗ್ರೌಂಡ್‌ಗೆ ಸೇರಿ 0 ಆಗುತ್ತದೆ. ಅಂದರೆ ಇಲ್ಲಿ ಒತ್ತಿದರೆ 0, ಬಿಟ್ಟರೆ 1. ಇದು ನೆನಪಿರಲಿ.

3. ಒತ್ತಿದ ಕ್ಷಣ: ಪ್ರೋಗ್ರಾಂನ ಲೂಪ್ ಸೆಕೆಂಡಿಗೆ ಸಾವಿರಾರು ಬಾರಿ ಸುತ್ತುತ್ತದೆ. "0 ಇದ್ದರೆ ಬಗೆ ಬದಲಿಸು" ಎಂದು ಬರೆದರೆ, ಅರ್ಧ ಸೆಕೆಂಡ್ ಒತ್ತಿದರೂ ಸಾವಿರಾರು ಬಾರಿ ಬದಲಾಗುತ್ತದೆ. ಆದ್ದರಿಂದ ಹಿಂದಿನ ಬೆಲೆಯನ್ನು ಉಳಿಸಿಕೊಂಡು, 1ರಿಂದ 0ಗೆ ಇಳಿದಾಗ ಮಾತ್ರ ಒಂದು ಒತ್ತು ಎಂದು ಲೆಕ್ಕ ಹಿಡಿಯಬೇಕು.

4. ಕುಪ್ಪಳಿಕೆ: ಬಟನ್‌ನೊಳಗಿನ ಲೋಹದ ತಗಡು ಒತ್ತಿದಾಗಲೂ ಬಿಟ್ಟಾಗಲೂ ಕೆಲವು ಮಿಲಿಸೆಕೆಂಡ್ ಅದುರುತ್ತದೆ. ಒಂದೇ ಒತ್ತು ಎರಡು ಮೂರಾಗಿ ಕಾಣಲು ಇದೇ ಕಾರಣ. ಬೆಲೆ ಬದಲಾದ ಸಮಯ ಗುರುತಿಸಿ, 50 ಮಿಲಿಸೆಕೆಂಡ್ ಅದೇ ಬೆಲೆ ನಿಂತರೆ ಮಾತ್ರ ಒಪ್ಪಿಕೊಳ್ಳಿ. ಇದನ್ನು ಡಿಬೌನ್ಸ್ ಎನ್ನುತ್ತಾರೆ.

5. ಬಗೆ ಎಣಿಕೆ: "ಬಗೆ" ಎಂಬ ವೇರಿಯಬಲ್ 0ರಿಂದ ಆರಂಭವಾಗಲಿ. 0 ಬಂದ್, 1 ಪೂರ್ಣ, 2 ಮಂದ, 3 ಮಿನುಗು. ಪ್ರತಿ ಒತ್ತಿಗೆ 1 ಕೂಡಿಸಿ, 4ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಂಡರೆ 3ರ ನಂತರ ತಾನಾಗಿ 0 ಬರುತ್ತದೆ. 9ನೇ ಪಿನ್ ಪಿಡಬ್ಲ್ಯುಎಂ ಪಿನ್ ಆದ್ದರಿಂದ ಪೂರ್ಣ ಬೆಳಕಿಗೆ 255, ಮಂದ ಬೆಳಕಿಗೆ 40 ಕೊಡಬಹುದು.

6. ಮಿನುಗು: ಇಲ್ಲಿ ಡಿಲೇ ಬಳಸಬೇಡಿ. ಡಿಲೇ ಮುಗಿಯುವವರೆಗೆ ಪ್ರೋಗ್ರಾಂ ಬಟನ್ ಕಡೆ ನೋಡುವುದೇ ಇಲ್ಲ, ಒತ್ತು ವ್ಯರ್ಥವಾಗುತ್ತದೆ. ಮಿಲಿಸ್ ಫಂಕ್ಷನ್‌ನಿಂದ ಸಮಯ ಓದಿ, ಕಳೆದ ಬದಲಾವಣೆಯಿಂದ 500 ಮಿಲಿಸೆಕೆಂಡ್ ಆಗಿದ್ದರೆ ಮಾತ್ರ ದೀಪದ ಸ್ಥಿತಿ ತಿರುಗಿಸಿ. ಉಳಿದ ಹೊತ್ತು ಲೂಪ್ ಬಟನ್ ನೋಡುತ್ತಲೇ ಇರುತ್ತದೆ.

ಪರೀಕ್ಷಿಸುವ ವಿಧಾನ: ಬಂದ್ ಸ್ಥಿತಿಯಿಂದ ಸರಿಯಾಗಿ 10 ಬಾರಿ ಒತ್ತಿ, ಮಂದ ಬೆಳಕಿನಲ್ಲಿ ನಿಲ್ಲಬೇಕು. 5 ಸೆಕೆಂಡ್ ಒತ್ತಿ ಹಿಡಿಯಿರಿ. ಒಂದೇ ಬಾರಿ ಬದಲಾಗಬೇಕು. ಕೈ ಬಿಟ್ಟಾಗ ಬದಲಾಗಬಾರದು. ಮಿನುಗುವಾಗ ಒತ್ತಿದರೆ ತಡವಿಲ್ಲದೆ ಬಂದ್ ಆಗಬೇಕು. ಯಾವುದಾದರೂ ತಪ್ಪಿದರೆ ಮೇಲಿನ 3, 4, 6ನೇ ಹಂತಗಳನ್ನು ಮತ್ತೆ ನೋಡಿ.

ಬೋರ್ಡ್ ಕೊಳ್ಳಲು ಸದ್ಯ ಅನುಕೂಲವಿಲ್ಲದವರು ಹಿಂಜರಿಯಬೇಕಿಲ್ಲ. ಟಿಂಕರ್‌ಕ್ಯಾಡ್‌ನಲ್ಲಿ ಇದೇ ಸರ್ಕ್ಯೂಟನ್ನು ಕಂಪ್ಯೂಟರ್ ಪರದೆಯ ಮೇಲೆ ಉಚಿತವಾಗಿ ಜೋಡಿಸಿ ನಡೆಸಬಹುದು. ಪ್ರೋಗ್ರಾಂನ ಪ್ರತಿ ಸಾಲಿನ ಮುಂದೆ ಅದರ ಕಾರಣವನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. ವೈವಾಕ್ಕೂ ಮುಂದೆ ಕೆಲಸದ ಸಂದರ್ಶನಕ್ಕೂ ಅದೇ ನಿಮ್ಮ ತಯಾರಿ.