ಬೆವರಿದ ಬೆರಳಿಗೆ ಮೈಸೂರಿನ ಶಾಯಿ

2024ರ ಏಪ್ರಿಲ್ 26ರಂದು ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರೂ ಕಡೆ ಲೋಕಸಭೆಗೆ ಮತದಾನ. ಮೊದಲೆರಡು ತುಮಕೂರು ಕ್ಷೇತ್ರಕ್ಕೆ ಸೇರಿದವು. ಕುಣಿಗಲ್ ಇದೇ ಜಿಲ್ಲೆಯದಾದರೂ ಅದರ ಮತ ಬೆಂಗಳೂರು ಗ್ರಾಮಾಂತರಕ್ಕೆ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ, ಮತಗಟ್ಟೆ ತೆರೆಯುವುದು ಏಳಕ್ಕೆ. ಮತಗಟ್ಟೆ ಮತದಾರರ ಮನೆಯಿಂದ ಎರಡು ಕಿಲೋಮೀಟರ್‌ ಒಳಗೇ ಇರಬೇಕೆಂಬುದು ಚುನಾವಣಾ ಆಯೋಗದ ಕ್ರಮ. ತುಮಕೂರಿನ ಅಮಾನಿಕೆರೆಯ ಸುತ್ತ ದಿನವೂ ಓಡುವವರಿಗೆ ಅದು ಹದಿನೈದು ನಿಮಿಷದ ದಾರಿ. ಮತದಾನದ ದಿನ ಗೆಳೆಯನ ಜೊತೆ ಓಡಿಕೊಂಡೇ ಹೋಗುವುದು ನನಗೆ ಬಲು ಇಷ್ಟ.

ಜೊತೆಗಾರ ಇದ್ದರೆ ವೇಗಕ್ಕೆ ಬೇರೆ ಅಳತೆ ಬೇಡ. ಪೂರ್ತಿ ವಾಕ್ಯ ಆಡಿಕೊಂಡು ಓಡಲು ಆಗುತ್ತಿದ್ದರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗುತ್ತಿದೆ ಎಂದರ್ಥ. ಮಾತು ತುಂಡಾಗತೊಡಗಿದರೆ ನಿಧಾನಿಸಬೇಕು.

60 ಕಿಲೋ ತೂಕದವರೊಬ್ಬರು ಎರಡು ಕಿಲೋಮೀಟರ್ ಓಡಿದರೆ ಸುಮಾರು 120 ಕಿಲೋಕ್ಯಾಲರಿ ಖರ್ಚು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 90ರಷ್ಟು, ಬರೀ ಶಾಖವಾಗುತ್ತದೆ. ಅಷ್ಟೂ ಮೈಯಲ್ಲೇ ಉಳಿದರೆ ದೇಹದ ತಾಪ ಎರಡು ಡಿಗ್ರಿಯ ಹತ್ತಿರಕ್ಕೆ ಏರಬೇಕು. ಹಾಗಾಗದಂತೆ ನೋಡಿಕೊಳ್ಳುವುದು ಬೆವರು. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲರಿಯಷ್ಟು ಶಾಖ ಹೊರಹೋಗುತ್ತದೆ. ಈ ಓಟದ ಶಾಖಕ್ಕೆ 160 ಮಿಲಿಲೀಟರ್ ಸಾಕು. ಬೆಳಗ್ಗೆ ಅಷ್ಟೂ ಬೇಕಾಗುವುದಿಲ್ಲ. ರಾತ್ರಿಯಿಡೀ ಶಾಖ ಕಳೆದುಕೊಂಡ ನೆಲ ಅತಿ ತಣ್ಣಗಿರುವುದು ಸೂರ್ಯೋದಯದ ಆಸುಪಾಸಿನಲ್ಲೇ, ಆಗ ಮೈಗೆ ಬಡಿಯುವ ಗಾಳಿಯೇ ಒಂದಷ್ಟು ಶಾಖ ಒಯ್ಯುತ್ತದೆ. ಮಧ್ಯಾಹ್ನ ಗಾಳಿ 35 ಡಿಗ್ರಿ ಮುಟ್ಟಿತೆಂದರೆ ಅದೂ ಚರ್ಮದಷ್ಟೇ ಬಿಸಿ. ಆಗ ಬೆವರೊಂದೇ ದಿಕ್ಕು. ಓಡಲಾರದ ಹಿರಿಯರನ್ನು ಮತಗಟ್ಟೆಗೆ ಬೆಳಗ್ಗೆಯೇ ಕರೆದೊಯ್ಯಿರಿ ಎಂದು ನಾನು ಹೇಳುವುದು ಇದಕ್ಕೇ.

ನಾಯಿ ತೇಕಿ ತಣಿಯುತ್ತದೆ. ಮೈತುಂಬ ಬೆವರಿ ತಣಿಯುವ ಪ್ರಾಣಿಗಳು ಕೆಲವೇ. ಮನುಷ್ಯ ಬಿಟ್ಟರೆ ಮುಖ್ಯವಾಗಿ ಕುದುರೆ. ಟಿಪ್ಪು ತನ್ನ ಸೈನ್ಯಕ್ಕಾಗಿ ಕಟ್ಟಿಸಿದ ಕುಣಿಗಲ್ ಕುದುರೆ ಫಾರಂ ಇರುವ ಸೀಮೆಯವರಿಗೆ ಇದು ಹೊಸದಲ್ಲ: ಓಡಿ ಬಂದ ಕುದುರೆಯ ಕುತ್ತಿಗೆಯ ಮೇಲೆ ಬಿಳಿ ನೊರೆ ಕಾಣುತ್ತದೆ. ಅದರ ಬೆವರಿನಲ್ಲಿರುವ ಲ್ಯಾಥೆರಿನ್ ಎಂಬ ಪ್ರೋಟೀನು, ದಟ್ಟ ಕೂದಲಿನ ನಡುವೆ ಬೆವರು ಹರಡುವಂತೆ ಮಾಡುತ್ತದೆ. ನಮ್ಮ ಬೆವರಿನಲ್ಲಿ ಈ ಪ್ರೋಟೀನಿಲ್ಲ. ಹೆಚ್ಚಿನದು ನೀರು, ಜೊತೆಗೆ ಒಂದಿಷ್ಟು ಉಪ್ಪು.

ಈ ಉಪ್ಪಿಗೆ ಮತಗಟ್ಟೆಯೊಳಗೆ ಇನ್ನೊಂದು ಕೆಲಸ ಕಾದಿರುತ್ತದೆ. ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಇದನ್ನು ಒದಗಿಸುತ್ತಿದೆ. ಸೂತ್ರ ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಪೂರ್ತಿ ಪಾಕ ಗುಟ್ಟು. ಆದರೆ ಜೀವಾಳ ಸಿಲ್ವರ್ ನೈಟ್ರೇಟ್. ಅದು ಚರ್ಮದ ಉಪ್ಪಿನಲ್ಲಿರುವ ಕ್ಲೋರೈಡ್ ಜೊತೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದರಿಂದ ಅತಿ ಸಣ್ಣ ಬೆಳ್ಳಿಯ ಕಣಗಳು ಬೇರ್ಪಟ್ಟು ಗುರುತು ಕಪ್ಪಾಗುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೊಗಳ ರಸಾಯನವೂ ಬೆಳಕಿಗೆ ಒಡೆಯುವ ಬೆಳ್ಳಿಯ ಲವಣಗಳದ್ದೇ. ಹಚ್ಚುವಾಗ ನೇರಳೆ ಕಂಡ ಗೆರೆ ಬಿಸಿಲಿಗೆ ಬಂದ ಮೇಲೆ ಗಾಢವಾಗುವುದು ಇದರಿಂದ.

ಹಾಗೆಂದು ಬೆವರು ತೊಟ್ಟಿಕ್ಕುವ ಬೆರಳು ಚಾಚಬೇಡಿ. ಶಾಯಿ ಒದ್ದೆಯ ಮೇಲೆ ಹರಡಿಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿಕೊಳ್ಳಿ. ಎಣ್ಣೆ ಬಳಿದುಕೊಂಡು ಬಂದವರ ಬೆರಳನ್ನು ಒರೆಸಿಯೇ ಶಾಯಿ ಹಾಕಬೇಕೆಂದು ಮತಗಟ್ಟೆ ಸಿಬ್ಬಂದಿಗೂ ಸೂಚನೆ ಇದೆ. ಶಾಯಿಯನ್ನು ಮತ ಹಾಕುವುದಕ್ಕೆ ಮೊದಲೇ ಹಚ್ಚುವುದೂ ಅದು ಒಣಗಲು ಹೊತ್ತು ಸಿಗಲೆಂದು.

ಚರ್ಮದ ಮೇಲಿನ ಕಲೆ ಸತ್ತ ಕೋಶಗಳ ಜೊತೆ ಕೆಲವು ವಾರಗಳಲ್ಲಿ ಉದುರುತ್ತದೆ. ಉಗುರಿನ ಮೇಲಿನ ಕಲೆ ಹೋಗುವುದು ಉಗುರು ಬೆಳೆದಂತೆ, ಅದು ಬೆಳೆಯುವುದು ತಿಂಗಳಿಗೆ ಮೂರು ಮಿಲಿಮೀಟರ್ ಚಿಲ್ಲರೆ. ಏಪ್ರಿಲ್ 26ರ ಮತ ಎಣಿಕೆಯಾದದ್ದು ಜೂನ್ 4ರಂದು. ಅಷ್ಟು ಹೊತ್ತಿಗೆ ಉಗುರಿನ ಬುಡದಲ್ಲಿ ಬಂದಿದ್ದ ಕಲೆಯಿಲ್ಲದ ಹೊಸ ಭಾಗ ಸುಮಾರು ನಾಲ್ಕೇ ಮಿಲಿಮೀಟರ್.