ಎಲುಬಿನ ಸುಣ್ಣ ರಕ್ತನಾಳದಲ್ಲಿ ಕೂತಾಗ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಫಜ್ರ್ ನಮಾಝಿಗೆ ವುಝೂ ಮಾಡಲು ಹೋದ ಉಮ್ಮ ಬಚ್ಚಲ ಬಾಗಿಲಲ್ಲಿ ಜಾರಿ ಕುಳಿತಂತೆ ಬಿದ್ದರು. ದೊಡ್ಡ ಬೀಳು ಏನಲ್ಲ. ಎದ್ದು ನಮಾಝ್ ಮುಗಿಸಿದರು, ಚಹಾ ಕುಡಿದರು. ಆದರೆ ಬೆನ್ನುನೋವು ಹತ್ತು ದಿನವಾದರೂ ಇಳಿಯಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು, ನೋವಿನ ಮಾತ್ರೆ ಆಯಿತು, ಕೊನೆಗೆ ಎಕ್ಸ್‌ರೇ ತೆಗೆಸಿದೆವು.

ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನೆಲುಬಿನ ಒಂದು ಮಣಿ ಮುಂಭಾಗದಲ್ಲಿ ಕುಸಿದಿತ್ತು. ಉಳಿದ ಮಣಿಗಳು ಮಂಜು ಕವಿದಂತೆ ಮಸುಕಾಗಿದ್ದವು. ಬೆನ್ನೆಲುಬಿನ ಮುಂದೆ, ಏನೂ ಕಾಣಬಾರದ ಜಾಗದಲ್ಲಿ, ಚಾಕ್‌ಪೀಸಿನಿಂದ ಎಳೆದಂತಹ ಬಿಳಿ ಗೆರೆಗಳಿದ್ದವು. "ಇದು ಎಲುಬಲ್ಲ, ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ. ಎಲುಬಿನಲ್ಲಿ ಇರಬೇಕಾದ ಸುಣ್ಣ ಅಲ್ಲಿ ಕಡಿಮೆ, ಇಲ್ಲಿ ಜಾಸ್ತಿ" ಎಂದರು ಅವರು.

ಉಮ್ಮನಿಗೆ 66 ವರ್ಷ. ಯಾರೋ ಹೇಳಿದರೆಂದು ಏಳೆಂಟು ವರ್ಷಗಳಿಂದ ಮೆಡಿಕಲ್ ಶಾಪಿನಿಂದ ತಾವೇ ತರಿಸಿಕೊಂಡು ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ಹಾಗಾದರೆ ನಾನು ತಿಂದ ಮಾತ್ರೆ ಎಲ್ಲಾ ಅಲ್ಲಿಗೆ ಹೋಯಿತಾ ಮಗಳೇ?"

ಆ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ನಾನು ಕಲಿಸುವುದು ದೀನಿಯಾತ್ ಮತ್ತು ಕನ್ನಡ. ವಿಜ್ಞಾನದ ಪುಸ್ತಕ ಕೈಗೆತ್ತಿ ಬಹಳ ವರ್ಷಗಳಾಗಿದ್ದವು. ಆದರೂ ಓದಿದೆ, ತಿಳಿದವರನ್ನು ಕೇಳಿದೆ. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಉಮ್ಮನ ಪ್ರಶ್ನೆ ನಮ್ಮ ಎಷ್ಟೋ ಮನೆಗಳ ಪ್ರಶ್ನೆಯಾಗಿರಬಹುದು.

ಎಲುಬು ಎಂದರೆ ಮನೆಯ ಕಂಬದಂತೆ ಒಮ್ಮೆ ನಿಲ್ಲಿಸಿದರೆ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಅದು ಜೀವಂತ ಅಂಗ. ಹಳೆಯ ಎಲುಬನ್ನು ಕೆರೆದು ತೆಗೆಯುವ ಕೋಶಗಳು ಒಂದು ಕಡೆ, ಹೊಸತನ್ನು ಕಟ್ಟುವ ಕೋಶಗಳು ಇನ್ನೊಂದು ಕಡೆ, ಎರಡೂ ಜೀವನಪೂರ್ತಿ ದುಡಿಯುತ್ತಲೇ ಇರುತ್ತವೆ. ವಯಸ್ಕರ ದೇಹದಲ್ಲಿರುವ ಸುಮಾರು 1 ಕಿಲೋ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಭಾಗ ರಕ್ತದಲ್ಲಿ, ಮಾಂಸಖಂಡಗಳಲ್ಲಿ. ಈ ಒಂದು ಭಾಗವೇ ಬಹಳ ಬೆಲೆಯುಳ್ಳದ್ದು. ಹೃದಯ ಬಡಿಯಲು, ನರಗಳು ಸಂದೇಶ ಸಾಗಿಸಲು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಅವು ಎಚ್ಚೆತ್ತು ಎಲುಬಿನಿಂದ ತೆಗೆಸಿ ರಕ್ತಕ್ಕೆ ಸೇರಿಸುತ್ತವೆ. ಕಷ್ಟಕಾಲದಲ್ಲಿ ಬಂಗಾರ ಅಡವಿಟ್ಟು ಸಂಸಾರ ನಡೆಸುವ ಹಾಗೆ. ಅಡವಿಟ್ಟದ್ದನ್ನು ಬಿಡಿಸಿಕೊಳ್ಳದಿದ್ದರೆ ಎಲುಬು ಟೊಳ್ಳಾಗುತ್ತದೆ.

ಹೆಂಗಸರಲ್ಲಿ ಈ ಟೊಳ್ಳಾಗುವಿಕೆ ಮುಟ್ಟು ನಿಂತ ನಂತರ ವೇಗ ಪಡೆಯುತ್ತದೆ. ಎಲುಬನ್ನು ಕೆರೆಯುವ ಕೋಶಗಳನ್ನು ಹದ್ದಿನಲ್ಲಿ ಇಡುತ್ತಿದ್ದ ಈಸ್ಟ್ರೋಜನ್ ಹಾರ್ಮೋನು ಆಗ ಕಡಿಮೆಯಾಗುತ್ತದೆ. ಮೊದಲ ಐದರಿಂದ ಏಳು ವರ್ಷಗಳಲ್ಲೇ ಕೆಲವರು ಎಲುಬಿನ ತೂಕದಲ್ಲಿ ಶೇಕಡಾ 20ರವರೆಗೂ ಕಳೆದುಕೊಳ್ಳುತ್ತಾರೆ. ಇದೇ ಹಾರ್ಮೋನು ರಕ್ತನಾಳಗಳಿಗೂ ಒಂದು ರಕ್ಷಣೆಯಾಗಿತ್ತು. ಹೃದಯಾಘಾತ ಗಂಡಸರ ಕಾಯಿಲೆ ಎಂದು ನಲವತ್ತರಲ್ಲಿ ನಿಶ್ಚಿಂತೆಯಿಂದ ಇದ್ದವರಿಗೆ ಅರವತ್ತರಲ್ಲಿ ಆ ಮಾತು ಹೇಳಲಾಗುವುದಿಲ್ಲ.

ಇನ್ನು ರಕ್ತನಾಳದ ವಿಷಯ. ಬಾವಿನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ರಕ್ತನಾಳದಲ್ಲೂ ಸುಣ್ಣ ಹಾಗೇ ಕಟ್ಟುತ್ತದೆಂದು ನಾನು ತಿಳಿದಿದ್ದೆ. ವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದರು. ಈಗ ತಿಳಿದಿರುವುದು ಬೇರೆ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುಕೋಶಗಳೇ ತಮ್ಮ ಕೆಲಸ ಬಿಟ್ಟು ಎಲುಬು ಕಟ್ಟುವ ಕೋಶಗಳಂತೆ ವರ್ತಿಸಲು ಶುರುಮಾಡುತ್ತವೆ. ಅಲ್ಲಿ ಕೂರುವ ಖನಿಜವೂ ಎಲುಬಿನದೇ, ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ್ದು. ಉರಿಯೂತ, ಸಕ್ಕರೆ ಕಾಯಿಲೆ, ರಕ್ತದಲ್ಲಿ ಹೆಚ್ಚಾದ ರಂಜಕ, ವಯಸ್ಸು ಇವೆಲ್ಲ ಆ ಕೋಶಗಳನ್ನು ಹಾದಿ ತಪ್ಪಿಸುತ್ತವೆ.

ಸುಣ್ಣ ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಎಂದು ಕಾಯುವ ಪ್ರೋಟೀನುಗಳನ್ನೂ ಸೃಷ್ಟಿಕರ್ತನು ದೇಹದಲ್ಲಿ ಇಟ್ಟಿದ್ದಾನೆ. 1997ರಲ್ಲಿ ವಿಜ್ಞಾನಿಗಳು ಇಂತಹ ಒಂದು ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಎರಡು ತಿಂಗಳೊಳಗೆ ಅವುಗಳ ರಕ್ತನಾಳಗಳು ಸುಣ್ಣಗಟ್ಟಿ ಒಡೆದು ಅವು ಸತ್ತವು. 1998ರಲ್ಲಿ ಇನ್ನೊಂದು ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಎಲುಬು ಟೊಳ್ಳಾದದ್ದೂ ರಕ್ತನಾಳ ಸುಣ್ಣಗಟ್ಟಿದ್ದೂ ಒಟ್ಟಿಗೇ ಕಂಡವು. ಉಮ್ಮನ ಎಕ್ಸ್‌ರೇಯಲ್ಲಿ ಕಂಡ ಹಾಗೆಯೇ!

ಮನುಷ್ಯರ ವಿಷಯದಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಅಧ್ಯಯನ ಹೆಸರುವಾಸಿ. 1948ರಲ್ಲಿ ಶುರುವಾದ ಆ ಹೃದಯ ಅಧ್ಯಯನದಲ್ಲಿದ್ದವರ ಎಕ್ಸ್‌ರೇಗಳನ್ನು 25 ವರ್ಷಗಳ ಅಂತರದಲ್ಲಿ ಹೋಲಿಸಿ ನೋಡಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಯಾವ ಹೆಂಗಸರ ಎಲುಬು ಹೆಚ್ಚು ಸವೆದಿತ್ತೋ ಅವರದೇ ಹೊಟ್ಟೆಯ ರಕ್ತನಾಳದಲ್ಲಿ ಸುಣ್ಣ ಹೆಚ್ಚು ಬೆಳೆದಿತ್ತು. ಗಂಡಸರಲ್ಲಿ ಆ ಸಂಬಂಧ ಸ್ಪಷ್ಟವಾಗಿ ಕಾಣಲಿಲ್ಲ. ಹಾಗೆಂದು ಎಲುಬಿನಿಂದ ಹೊರಟ ಸುಣ್ಣವೇ ನೇರವಾಗಿ ಹೋಗಿ ರಕ್ತನಾಳದಲ್ಲಿ ಕೂರುತ್ತದೆ ಎಂದು ಸಾಬೀತಾಗಿಲ್ಲ. ಎರಡಕ್ಕೂ ಬೇರು ಒಂದೇ ಇರಬಹುದು ಎಂಬುದೇ ಹೆಚ್ಚಿನವರ ಅಭಿಪ್ರಾಯ.

ಈಗ ಉಮ್ಮನ ಮಾತ್ರೆಗೆ ಬರೋಣ. 2008ರಲ್ಲಿ ನ್ಯೂಜಿಲೆಂಡಿನ ಒಂದು ಅಧ್ಯಯನ ದೊಡ್ಡ ಗದ್ದಲ ಎಬ್ಬಿಸಿತು. ಆರೋಗ್ಯವಂತ ಹಿರಿಯ ಮಹಿಳೆಯರು 1471 ಮಂದಿಯಲ್ಲಿ ಕೆಲವರಿಗೆ ಕ್ಯಾಲ್ಸಿಯಂ ಮಾತ್ರೆ, ಉಳಿದವರಿಗೆ ಮಾತ್ರೆಯಂತೆ ಕಾಣುವ ಖಾಲಿ ಗುಳಿಗೆ ಕೊಟ್ಟಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚು ಕಂಡಿತು. ಆಮೇಲಿನ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಲಿಲ್ಲ. 2016ರಲ್ಲಿ ಅಮೆರಿಕದ ಎಲುಬು ಮತ್ತು ಹೃದಯ ತಜ್ಞರ ಸಂಘಗಳು ಸೇರಿ, ಆಹಾರ ಮತ್ತು ಮಾತ್ರೆ ಸೇರಿ ದಿನದ ಮಿತಿಯನ್ನು ಮೀರದಿದ್ದರೆ ಹೃದಯಕ್ಕೆ ಅಪಾಯವಿಲ್ಲ ಎಂದವು. ವಾದ ಪೂರ್ತಿ ಮುಗಿದಿಲ್ಲ. ಆದರೆ ಒಂದು ಮಾತಿನಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ: ಊಟದಿಂದ ಬಂದ ಕ್ಯಾಲ್ಸಿಯಂ ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ರಕ್ತ ಸೇರುತ್ತದೆ, ಅದೇ ಮೊದಲ ಆಯ್ಕೆ. ಸಾಲದೆ ಬಂದಷ್ಟಕ್ಕೆ ಮಾತ್ರ ಮಾತ್ರೆ.

ನಮ್ಮ ದೇಶದ ಐಸಿಎಂಆರ್ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 250 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು. ಎಳ್ಳು, ನುಗ್ಗೆಸೊಪ್ಪು, ಮೊಸರು, ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಎಲ್ಲವೂ ನಮ್ಮ ಅಡುಗೆಮನೆಯವೇ. ಬೂತಾಯಿಯಲ್ಲಿ ವಿಟಮಿನ್ ಡಿ ಕೂಡ ಇದೆ. ಆದರೆ ನಮ್ಮ ಮನೆಗಳಲ್ಲಿ ಹಾಲಿನ ಲೋಟ ಮಕ್ಕಳಿಗೆ, ಮೀನಿನ ಒಳ್ಳೆಯ ತುಂಡು ಗಂಡಸರಿಗೆ, ಅಡುಗೆ ಮಾಡಿದವಳಿಗೆ ಚಹಾ ಮತ್ತು ಉಳಿದ ಸಾರು. ಇದನ್ನು ಯಾರೂ ಆಕೆಗೆ ಕಲಿಸಿದ್ದಲ್ಲ, ಆಕೆಯೇ ರೂಢಿ ಮಾಡಿಕೊಂಡದ್ದು.

ಬಿಸಿಲಿನ ವಿಷಯವನ್ನೂ ಸಂಕೋಚವಿಲ್ಲದೆ ಹೇಳಬೇಕು. ಚರ್ಮಕ್ಕೆ ಬಿಸಿಲು ಬೀಳದೆ ವಿಟಮಿನ್ ಡಿ ಸಾಕಷ್ಟು ಆಗುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇದಕ್ಕೆ ಬುರ್ಖಾವನ್ನು ದೂಷಿಸಿ ಮಾತು ಮುಗಿಸುವವರಿದ್ದಾರೆ. ಮೈಮುಚ್ಚುವ ಉಡುಪಿನವರಲ್ಲಿ ಕೊರತೆ ಹೆಚ್ಚು ಎಂಬುದು ನಿಜ. ಆದರೆ 2000ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಆಸ್ಪತ್ರೆಯ ಒಳಗೇ ದುಡಿಯುವ ವೈದ್ಯರು, ನರ್ಸುಗಳಲ್ಲೂ ಈ ಕೊರತೆ ಕಂಡಿತ್ತು. ಬಿಸಿಲಿನಿಂದ ದೂರವಿಟ್ಟದ್ದು ಹೊರಗೆ ಹೋಗುವಾಗ ಹಾಕುವ ಬಟ್ಟೆಗಿಂತ ಹೆಚ್ಚಾಗಿ ಇಡೀ ದಿನ ಒಳಗೇ ಇರುವ ಬದುಕು ಎಂದು ನನ್ನ ಅನಿಸಿಕೆ. ಯಾರ ಕಣ್ಣಿಗೂ ಬೀಳದ ತಾರಸಿ, ಹಿತ್ತಲು ಇದ್ದೇ ಇರುತ್ತದೆ. ಹತ್ತು ಗಂಟೆಯ ನಂತರ ಅಲ್ಲಿ ತೋಳು, ಕಾಲಿಗೆ ಬಿಸಿಲು ಬೀಳುವಂತೆ ಅರ್ಧ ಗಂಟೆ ಕೂರಲು ಅಡ್ಡಿ ಏನು?

ಅದರ ಬದಲು ವಾರಕ್ಕೊಂದು 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ವೈದ್ಯರು ಎಂಟು ವಾರಕ್ಕೆ ಬರೆದುಕೊಟ್ಟರೆ ಎಂಟು ತಿಂಗಳು ಮುಂದುವರಿಸುವವರನ್ನು ಬಲ್ಲೆ. ವಿಟಮಿನ್ ಡಿ ಮೂತ್ರದಲ್ಲಿ ಸುಲಭವಾಗಿ ಹೊರಹೋಗುವ ವಿಟಮಿನ್ ಅಲ್ಲ, ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡದಲ್ಲೂ ರಕ್ತನಾಳದಲ್ಲೂ ಸುಣ್ಣ ಕೂರುತ್ತದೆ. ಈಗ ಕೆ2 ಎಂಬ ವಿಟಮಿನ್ ಸೇರಿಸಿದ ದುಬಾರಿ ಮಾತ್ರೆಗಳೂ ಬಂದಿವೆ, ಸುಣ್ಣವನ್ನು ರಕ್ತನಾಳದಿಂದ ಎಲುಬಿಗೆ ಕಳಿಸುತ್ತವೆ ಎಂಬ ಹೊಗಳಿಕೆಯೊಂದಿಗೆ. ನಾನು ಮೊದಲೇ ಹೇಳಿದ, ರಕ್ತನಾಳ ಕಾಯುವ ಪ್ರೋಟೀನ್ ಕೆಲಸ ಮಾಡಲು ವಿಟಮಿನ್ ಕೆ ಬೇಕು, ಅದು ನಿಜ. ಆದರೆ ಡೆನ್ಮಾರ್ಕಿನಲ್ಲಿ ಹೃದಯದ ಕವಾಟ ಸುಣ್ಣಗಟ್ಟಿದ ಗಂಡಸರಿಗೆ ಎರಡು ವರ್ಷ ಕೆ2 ಮತ್ತು ಡಿ ಕೊಟ್ಟು ನೋಡಿದಾಗ ಸುಣ್ಣಗಟ್ಟುವುದು ನಿಧಾನವಾಗಲಿಲ್ಲ ಎಂದು 2022ರಲ್ಲಿ ತಿಳಿಯಿತು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರಂತೂ ವೈದ್ಯರನ್ನು ಕೇಳದೆ ಕೆ ವಿಟಮಿನ್ ಮುಟ್ಟಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆ ಹಾಗೂ ಮೂತ್ರಪಿಂಡದ ತೊಂದರೆ ಇರುವವರಿಗೆ. ಮೂತ್ರಪಿಂಡ ಸೋತರೆ ರಂಜಕ ಹೊರಹೋಗದು, ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ತಾಳದು. ಒಂದೆಡೆ ಎಲುಬು ಕರಗುತ್ತದೆ, ಇನ್ನೊಂದೆಡೆ ರಕ್ತನಾಳ ಕಲ್ಲಾಗುತ್ತದೆ. ಅಂಥವರು ತಾವಾಗಿ ಕ್ಯಾಲ್ಸಿಯಂ ತಿನ್ನುವುದು ಅಪಾಯ. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಜ್ಜಿಯಂದಿರಿಗೂ ಒಂದು ಮಾತು: ಎಲುಬಿಗೂ ರಕ್ತನಾಳಕ್ಕೂ ತಂಬಾಕು ಹಗೆ.

ಉಮ್ಮನ ಬಿ.ಪಿ. ಯಾವಾಗಲೂ ಮೇಲಿನದು 170, ಕೆಳಗಿನದು 70 ಇರುತ್ತಿತ್ತು. "ಕೆಳಗಿನದು ಸರಿ ಇದೆಯಲ್ಲ" ಎಂದು ಸಮಾಧಾನಪಡುತ್ತಿದ್ದೆವು. ಬಿಗಿದುಹೋದ ರಕ್ತನಾಳದ ಗುರುತೇ ಅದು ಎಂದು ಈಗ ತಿಳಿಯಿತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿದೆವು. ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದ್ದರೆ ಎಲುಬು ಸವೆತದ ಕಾಯಿಲೆ ಎನ್ನುತ್ತಾರೆ, ಉಮ್ಮನದು ಮೈನಸ್ 3.1. ಮೂತ್ರಪಿಂಡದ ಪರೀಕ್ಷೆ ಮಾಡಿ, ವಿಟಮಿನ್ ಡಿ ಸರಿಪಡಿಸಿ, ವರ್ಷಕ್ಕೊಮ್ಮೆ ಕೊಡುವ ಎಲುಬಿನ ಇಂಜೆಕ್ಷನ್ ಹಾಕಿದರು. ಬಿ.ಪಿ. ಮಾತ್ರೆ ಬದಲಾಯಿತು. ಎರಡು ಕ್ಯಾಲ್ಸಿಯಂ ಮಾತ್ರೆಯ ಜಾಗದಲ್ಲಿ ಒಂದು ಉಳಿಯಿತು, ಅದೂ ಊಟದ ಜೊತೆಗೆ.

ಉಮ್ಮನ ಪ್ರಶ್ನೆಯನ್ನು ನಾನು ವೈದ್ಯರ ಮುಂದೆಯೇ ಇಟ್ಟೆ. "ನಿಮ್ಮ ಮಾತ್ರೆಯೇ ಅಲ್ಲಿ ಹೋಗಿ ಕೂತಿತು ಎಂದು ಹೇಳಲಾಗದು ಅಮ್ಮಾ. ಬಿ.ಪಿ., ವಯಸ್ಸು, ಹಾರ್ಮೋನು ಎಲ್ಲಾ ಸೇರಿ ಆದದ್ದು" ಎಂದರು. ಉಮ್ಮನಿಗೆ ಅಷ್ಟು ಸಾಕಾಯಿತು. ಅವರಿಗೆ ನಿಜವಾಗಿ ಕಷ್ಟವಾದದ್ದು ಬೇರೊಂದು. ಕುಸಿದ ಮಣಿ ಕೂಡಿಕೊಳ್ಳುವವರೆಗೆ ಮುಂದಕ್ಕೆ ಬಾಗಬಾರದು, ಸುಜೂದ್ ಬೇಡ ಎಂದರು ವೈದ್ಯರು. ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ನಮಾಝ್ ಮಾಡಲು ರಿಯಾಯಿತಿ ಇದೆ ಎಂದು ನಾನೇ ತಿಳಿಸಿ ಹೇಳಿದರೂ ಮೊದಲ ದಿನ ಅತ್ತುಬಿಟ್ಟರು.

ಈಗ ಒಂಬತ್ತು ತಿಂಗಳಾಯಿತು. ಬೆಳಿಗ್ಗೆ ರಾಗಿ ಮಣ್ಣಿ ತಿಂದು, ಹತ್ತು ಗಂಟೆಗೆ ತಾರಸಿಗೆ ಹೋಗುತ್ತಾರೆ. ಕುರ್ಚಿಯನ್ನೂ ಮೇಲೆಯೇ ಇಟ್ಟಿದ್ದೇವೆ. ಬಚ್ಚಲ ಬಾಗಿಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದ್ದೇವೆ, ಇನ್ನೂರೈವತ್ತು ರೂಪಾಯಿ ಆಯಿತು.